ಸೂರ್ಯನೇ ಬಿಸಿಯಾಗಿದ್ದಾನೆಯೇ? ಲೆಕ್ಕ ಇಟ್ಟವರು ಏನು ಹೇಳುತ್ತಾರೆ



ಮಾರ್ಚ್ ತಿಂಗಳು ದಾಟಿತೆಂದರೆ ಸಂಘದ ಸಭೆಗಳಲ್ಲಿ ಉಳಿತಾಯದ ಮಾತಿಗಿಂತ ಬಿಸಿಲಿನ ಮಾತೇ ಹೆಚ್ಚು. ಸೇಡಂ ಇರಲಿ, ಚಿತ್ತಾಪುರ ಇರಲಿ, ವಾಡಿ, ಶಹಾಬಾದ್, ಚಿಂಚೋಳಿ ಯಾವುದೇ ಇರಲಿ, ಮಾತು ಒಂದೇ. "ಸಿಸ್ಟರ್, ಮೊದಲ ಇಷ್ಟ ಬಿಸಲು ಇರ್ತಿದ್ದಿಲ್ರಿ. ಸೂರ್ಯಾನೇ ನೆಲಕ್ಕ ಹತ್ರ ಬಂದಂಗ ಆಗ್ಯಾದ" ಎಂದು ಒಬ್ಬರು ಹೇಳಿದರೆ, "ಸೂರ್ಯಾಗೇ ಉರಿ ಹೆಚ್ಚಾಗ್ಯಾದ, ನಾವೇನ್ ಮಾಡೋದದ?" ಎಂದು ಇನ್ನೊಬ್ಬರು.

ಈ ಮಾತನ್ನು ನಕ್ಕು ಬಿಡುವ ಹಾಗಿಲ್ಲ. ಬಿಸಿ ಹೆಚ್ಚಾಗಿರುವುದು ನಿಜ. ಭಾರತ ಸರ್ಕಾರದ ಭೂ ವಿಜ್ಞಾನ ಸಚಿವಾಲಯ 2020ರಲ್ಲಿ ಹೊರತಂದ ವರದಿಯ ಪ್ರಕಾರ 1901ರಿಂದ 2018ರೊಳಗೆ ನಮ್ಮ ದೇಶದ ಸರಾಸರಿ ಉಷ್ಣಾಂಶ ಸುಮಾರು 0.7 ಡಿಗ್ರಿ ಏರಿದೆ. ಇಡೀ ಪ್ರಪಂಚದ್ದು ಅದಕ್ಕಿಂತ ಹೆಚ್ಚು. "ಅರ್ಧ, ಮುಕ್ಕಾಲು ಡಿಗ್ರಿ ಅಂದ್ರ ಏನ್ ಮಹಾ?" ಎನ್ನಬೇಡಿರಿ. ನಮ್ಮ ಮೈ 37 ಡಿಗ್ರಿ ಇರುತ್ತದೆ, 38 ಆಯಿತೆಂದರೆ ಜ್ವರ ಎಂದು ಮಲಗುತ್ತೇವೆ. ಸರಾಸರಿ ಸ್ವಲ್ಪ ಏರಿದರೂ ತೀರಾ ಬಿಸಿಯಾದ ದಿನಗಳು ಬಹಳ ಹೆಚ್ಚುತ್ತವೆ.

ಬಿಸಿ ಏರಿದ್ದು ನಿಜವಾದರೆ, ಕಾರಣ ಯಾರು? ಈ ಪ್ರಶ್ನೆ ಸಣ್ಣದಲ್ಲ. ಸೂರ್ಯನೇ ಕಾರಣವಾದರೆ ನಾವು ಯಾರನ್ನೂ ಏನೂ ಕೇಳುವಂತಿಲ್ಲ, ತಲೆ ಮೇಲೆ ಸೆರಗು ಹೊದ್ದು ಸುಮ್ಮನಿರಬೇಕು. ಮನುಷ್ಯರ ಕೆಲಸ ಕಾರಣವಾದರೆ ಕೇಳಲು ನಮಗೆ ಬಾಯಿ ಇದೆ, ಉತ್ತರ ಕೊಡಬೇಕಾದವರೂ ಇದ್ದಾರೆ. ಅದಕ್ಕೇ ಸೂರ್ಯನ ಲೆಕ್ಕ ಇಟ್ಟವರು ಯಾರು, ಅವರ ಲೆಕ್ಕದಲ್ಲಿ ಏನಿದೆ ಎಂದು ಇಲ್ಲಿ ಬರೆಯುತ್ತಿದ್ದೇನೆ. ಓದು ಬಲ್ಲವರು ಸಭೆಯಲ್ಲಿ ಉಳಿದವರಿಗೆ ನಿಧಾನವಾಗಿ ಓದಿ ಹೇಳಿರಿ.

ಬರದಿಂದ ಹುಟ್ಟಿದ ಸಂಸ್ಥೆ

ಬೆಂಗಳೂರಿನ ಕೋರಮಂಗಲದಲ್ಲಿ ಭಾರತೀಯ ಖಭೌತ ಸಂಸ್ಥೆ ಎಂಬ ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆ ಇದೆ. ಸೂರ್ಯ, ನಕ್ಷತ್ರ ಇವುಗಳ ಅಧ್ಯಯನವೇ ಅದರ ಕೆಲಸ. ಈ ಹೆಸರಿನಲ್ಲಿ ಅದು ಶುರುವಾದದ್ದು 1971ರಲ್ಲಿ, ವೇಣು ಬಾಪು ಅವರ ನೇತೃತ್ವದಲ್ಲಿ. ಆದರೆ ಅದರ ಬೇರು ಇನ್ನೂ ಹಳೆಯದು. ತಮಿಳುನಾಡಿನ ಪಳನಿ ಬೆಟ್ಟದ ಮೇಲಿನ ಕೊಡೈಕೆನಾಲಿನಲ್ಲಿ ಈ ಸಂಸ್ಥೆಯ ಸೂರ್ಯ ವೀಕ್ಷಣಾಲಯವಿದೆ. ಅದು ಹುಟ್ಟಿದ್ದರ ಹಿಂದೆ ಹಸಿವಿನ ಕಥೆ ಇದೆ.

1876ರಲ್ಲಿ ಮಳೆ ಕೈಕೊಟ್ಟಿತು. ಪಂಚಾಂಗದಲ್ಲಿ ಅದು ಧಾತು ಸಂವತ್ಸರ. ಮದ್ರಾಸು ಪ್ರಾಂತ್ಯ, ಮೈಸೂರು, ಮುಂಬೈ ಪ್ರಾಂತ್ಯ, ನಮ್ಮ ಕಲಬುರಗಿ ಸೇರಿದ್ದ ಹೈದರಾಬಾದ್ ಸಂಸ್ಥಾನ ಎಲ್ಲ ಕಡೆ ಬರ ಹರಡಿತು. 1878ರವರೆಗೆ 50 ಲಕ್ಷಕ್ಕೂ ಹೆಚ್ಚು ಜನ ಹಸಿವಿನಿಂದ, ಹಸಿವಿನ ಹಿಂದೆ ಬಂದ ಕಾಲರಾ, ಜ್ವರಗಳಿಂದ ಸತ್ತರು. ಅದೇ ಹೊತ್ತಿನಲ್ಲಿ ಬಂದರುಗಳಿಂದ ಧಾನ್ಯ ತುಂಬಿದ ಹಡಗುಗಳು ವಿದೇಶಕ್ಕೆ ಹೋಗುತ್ತಲೇ ಇದ್ದವು! ಮಳೆ ಬಾರದ್ದು ಯಾರ ಕೈಯಲ್ಲೂ ಇರಲಿಲ್ಲ, ಕಾಳು ಹೊರಗೆ ಕಳಿಸಿದ್ದು ಮಾತ್ರ ಮನುಷ್ಯರ ಕೈಯಲ್ಲೇ ಇತ್ತು.

ಆಗಿನ ಬ್ರಿಟಿಷ್ ವಿದ್ವಾಂಸರಲ್ಲಿ ಒಂದು ವಿಚಾರ ಬಲವಾಗಿತ್ತು. ಸೂರ್ಯನ ಮುಖದ ಮೇಲೆ ಕಪ್ಪು ಕಲೆಗಳು ಕಾಣಿಸುತ್ತವೆ. ಅವು ಸುಮಾರು 11 ವರ್ಷಕ್ಕೊಮ್ಮೆ ಹೆಚ್ಚಾಗಿ, ಮತ್ತೆ ಕಡಿಮೆಯಾಗುತ್ತವೆ. ಈ ಕಲೆ ಕಡಿಮೆಯಾದಾಗ ದಕ್ಷಿಣ ಭಾರತದಲ್ಲಿ ಮಳೆ ಕಡಿಮೆ, ಬರ ಹೆಚ್ಚು ಎಂದು 1877ರಲ್ಲಿ ಕೆಲವರು ಬರೆದರು. ಅದು ನಿಜವಾದರೆ ಸೂರ್ಯನನ್ನು ನೋಡಿ ಬರವನ್ನು ಮೊದಲೇ ಹೇಳಬಹುದಲ್ಲವೇ? 1881ರಲ್ಲಿ ಹವಾಮಾನ ಇಲಾಖೆಯ ಮುಖ್ಯಸ್ಥ ಬ್ಲಾನ್‌ಫೋರ್ಡ್ ಸರ್ಕಾರಕ್ಕೆ ಒಂದು ಸಲಹೆ ಕೊಟ್ಟರು. ನೆಲ ಮುಟ್ಟುವ ಸೂರ್ಯನ ಬಿಸಿ ಎಷ್ಟು, ಅದು ಕಾಲಕಾಲಕ್ಕೆ ಎಷ್ಟು ಹೆಚ್ಚು-ಕಡಿಮೆಯಾಗುತ್ತದೆ ಎಂದು ಸರಿಯಾಗಿ ಅಳೆಯಬೇಕು ಎಂಬುದೇ ಆ ಸಲಹೆ. ನಮ್ಮ ಅಕ್ಕಂದಿರು ಇಂದು ಕೇಳುವ ಪ್ರಶ್ನೆಯನ್ನೇ ಅವರು ಅಂದು ಕೇಳಿದ್ದರು, ನೋಡಿರಿ.

1893ರಲ್ಲಿ ಲಾರ್ಡ್ ಕೆಲ್ವಿನ್ ಎಂಬ ದೊಡ್ಡ ವಿಜ್ಞಾನಿಯ ಅಧ್ಯಕ್ಷತೆಯ ಸಮಿತಿ ಕೊಡೈಕೆನಾಲನ್ನು ಆರಿಸಿತು. ಬೆಟ್ಟದ ಮೇಲೆ ಧೂಳು ಕಡಿಮೆ, ಆಕಾಶ ಶುಭ್ರ. 1901ರಲ್ಲಿ ಅಲ್ಲಿ ಕೆಲಸ ಶುರುವಾಯಿತು. 1904ರಿಂದ ಸುಮಾರು 6 ಇಂಚಿನ ದೂರದರ್ಶಕದಲ್ಲಿ, ಮೋಡ ಇಲ್ಲದ ದಿನಗಳಲ್ಲೆಲ್ಲ ಸೂರ್ಯನ ಫೋಟೋ ತೆಗೆಯುತ್ತಾ ಬಂದಿದ್ದಾರೆ. ನೂರು ವರ್ಷ ದಾಟಿದ ಆ ಫೋಟೋಗಳನ್ನು ಈಗ ಕಂಪ್ಯೂಟರಿಗೆ ಏರಿಸಿದ್ದಾರೆ. 1909ರಲ್ಲಿ ಅಲ್ಲಿಯೇ ಜಾನ್ ಎವರ್‌ಶೆಡ್ ಎಂಬುವರು, ಸೂರ್ಯನ ಕಲೆಗಳೊಳಗೆ ಬಿಸಿ ಅನಿಲ ಹೊರಕ್ಕೆ ಹರಿಯುವುದನ್ನು ಕಂಡುಹಿಡಿದರು. ಅವರ ಹೆಂಡತಿ ಮೇರಿ ಎವರ್‌ಶೆಡ್ ಕೂಡ ಅಲ್ಲಿ ಕೂತು ಸೂರ್ಯನ ಅಂಚಿನ ಜ್ವಾಲೆಗಳ ಅಧ್ಯಯನ ಮಾಡಿದವರು. ಹೆಸರು ಮಾತ್ರ ಗಂಡನದೇ ಹೆಚ್ಚು ಕೇಳಿಬಂತು, ಇದೇನು ಹೊಸದಲ್ಲ.

ಆದರೆ ಬರದ ಪ್ರಶ್ನೆ? ಸೂರ್ಯನ ಕಲೆಯಿಂದ ಮಳೆ ಹೇಳುವ ಆಸೆ ಕೈಗೂಡಲಿಲ್ಲ. 1904ರಿಂದ 1924ರವರೆಗೆ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿದ್ದ ಗಿಲ್ಬರ್ಟ್ ವಾಕರ್ ಲೆಕ್ಕ ಹಾಕಿ ನೋಡಿದರೆ ಕಲೆಗೂ ಮಳೆಗೂ ನಂಬುವಂಥ ಸಂಬಂಧ ಸಿಗಲಿಲ್ಲ. ಅವರಿಗೆ ಸಿಕ್ಕಿದ್ದು ಬೇರೆ. ದೂರದ ಪೆಸಿಫಿಕ್ ಸಾಗರದ ಮೇಲಿನ ಗಾಳಿಯ ಒತ್ತಡದ ಏರುಪೇರಿಗೂ ನಮ್ಮ ಮುಂಗಾರಿಗೂ ನಂಟು ಇದೆ ಎಂದು ತಿಳಿಯಿತು. ಆ ಸಾಗರದ ನೀರು ಬಿಸಿಯೇರುವುದನ್ನು ಇವತ್ತು ಎಲ್ ನಿನೊ ಎನ್ನುತ್ತಾರೆ, ರೇಡಿಯೋ, ಟಿ.ವಿ.ಯಲ್ಲಿ ಕೇಳಿರುತ್ತೀರಿ. 1877-78ರಲ್ಲಿ ಅತಿ ಪ್ರಬಲ ಎಲ್ ನಿನೊ ಇತ್ತು ಎಂದು ಈಗ ಗೊತ್ತಾಗಿದೆ. 2023ರಲ್ಲಿಯೂ ಎಲ್ ನಿನೊ ಇತ್ತು. ಆ ವರ್ಷ ನಮ್ಮ ರಾಜ್ಯದ ಬಹುತೇಕ ತಾಲ್ಲೂಕುಗಳನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿದ್ದು, ತೊಗರಿ ಒಣಗಿದ್ದು ನಿಮಗೆ ನೆನಪಿದೆ.

ಬಿಸಿಲನ್ನು ತೂಗುವ ತಕ್ಕಡಿ

ಫೋಟೋ ತೆಗೆದರೆ ಕಲೆ ಎಣಿಸಬಹುದು. ಆದರೆ ಬಿಸಿಲನ್ನು ತೂಗುವುದು ಹೇಗೆ? ಮಸಿ ಹಿಡಿದ ಬೋಗುಣಿ ಬಿಸಿಲಲ್ಲಿ ಬೇಗ ಕಾಯುತ್ತದೆ ಎಂದು ನಿಮಗೆ ಗೊತ್ತು. ಬಿಸಿಲಿನ ತಕ್ಕಡಿಯೂ ಅದೇ ಉಪಾಯ. ಒಳಗೆಲ್ಲ ಕಪ್ಪು ಬಳಿದ ಒಂದು ಸಣ್ಣ ಗೂಡು. ಬಿಸಿಲನ್ನು ಅದರೊಳಗೆ ಬಿಟ್ಟು ಎಷ್ಟು ಕಾಯಿತು ಎಂದು ನೋಡುತ್ತಾರೆ. ಆಮೇಲೆ ಬಿಸಿಲಿಗೆ ಬಾಗಿಲು ಮುಚ್ಚಿ, ಅಷ್ಟೇ ಕಾಯುವವರೆಗೆ ಕರೆಂಟು ಕೊಡುತ್ತಾರೆ. ಎಷ್ಟು ಕರೆಂಟು ಬೇಕಾಯಿತೋ ಬಿಸಿಲು ಅಷ್ಟು.

ಆದರೆ ಒಬ್ಬೊಬ್ಬರ ತಕ್ಕಡಿ ಒಂದೊಂದು ತೂಕ ತೋರಿಸಿದರೆ? ತೊಗರಿ ಮಾರಲು ಹೋದಾಗ ಆಗುವ ಅನ್ಯಾಯ ನಿಮಗೆ ಹೇಳಿಕೊಡಬೇಕಿಲ್ಲ. ಅದಕ್ಕೇ ಕಲ್ಲಿನ ಮೇಲೆ ಸರ್ಕಾರದ ಮುದ್ರೆ ಬೇಕು. ಬಿಸಿಲಿನ ತಕ್ಕಡಿಗೆ ಮುದ್ರೆ ಒತ್ತುವ ಜಾಗ ಸ್ವಿಟ್ಜರ್ಲೆಂಡ್ ದೇಶದ ದಾವೋಸ್ ಎಂಬ ಬೆಟ್ಟದ ಊರಿನಲ್ಲಿದೆ. ಅದೂ ಸಂಕಟದಲ್ಲೇ ಹುಟ್ಟಿದ್ದು. ಕಾರ್ಲ್ ಡೋರ್ನೊ ಎಂಬ ಜರ್ಮನ್ ವ್ಯಾಪಾರಿಯ ಮಗಳಿಗೆ ಕ್ಷಯ ಬಂತು. ಆಗ ಔಷಧಿ ಇರಲಿಲ್ಲ, ಬೆಟ್ಟದ ಬಿಸಿಲು-ಗಾಳಿಯೇ ಮದ್ದು ಎಂದು ರೋಗಿಗಳನ್ನು ದಾವೋಸಿಗೆ ಕರೆತರುತ್ತಿದ್ದರು. ಆ ತಂದೆ ಬಿಸಿಲಿನಲ್ಲಿ ಏನಿದೆ ಎಂದು ತಿಳಿಯಲು 1907ರಲ್ಲಿ ತನ್ನ ಕೈಯಿಂದಲೇ ಹಣ ಹಾಕಿ ಒಂದು ವೀಕ್ಷಣಾಲಯ ತೆರೆದರು. 1971ರಿಂದ ಅದು ಜಗತ್ತಿನ ವಿಕಿರಣ ಕೇಂದ್ರ. ಐದು ವರ್ಷಕ್ಕೊಮ್ಮೆ ಬೇರೆ ಬೇರೆ ದೇಶದವರು ತಮ್ಮ ಉಪಕರಣಗಳನ್ನು ಅಲ್ಲಿಗೆ ಒಯ್ದು, ಒಂದೇ ಸೂರ್ಯನ ಕೆಳಗೆ ಸಾಲಾಗಿ ಇಟ್ಟು ತಾಳೆ ನೋಡುತ್ತಾರೆ.

ನಮ್ಮ ದೇಶದಲ್ಲಿ ಬಿಸಿಲು ಅಳೆಯುವ ಕೇಂದ್ರಗಳ ಜಾಲ ಕಟ್ಟಿದ್ದು ಒಬ್ಬ ಹೆಣ್ಣುಮಗಳು ಎಂದರೆ ನಂಬುತ್ತೀರಾ? ಅವರ ಹೆಸರು ಅನ್ನಾ ಮಣಿ. 1918ರಲ್ಲಿ ಕೇರಳದ ಪೀರ್ಮೇಡಿನಲ್ಲಿ ಹುಟ್ಟಿದವರು. ಎಂಟನೆಯ ಹುಟ್ಟುಹಬ್ಬಕ್ಕೆ ಮನೆಯವರು ವಜ್ರದ ಓಲೆ ಕೊಡಲು ಬಂದರೆ, ಓಲೆ ಬೇಡ, ವಿಶ್ವಕೋಶದ ಪುಸ್ತಕಗಳು ಬೇಕು ಎಂದು ಹಟ ಹಿಡಿದ ಹುಡುಗಿ. ಮುಂದೆ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಕೈಕೆಳಗೆ ಅದೇ ವಜ್ರಗಳ ಬೆಳಕಿನ ಮೇಲೆ ಸಂಶೋಧನೆ ಮಾಡಿದರು. ಎಂ.ಎಸ್ಸಿ. ಪದವಿ ಇಲ್ಲ ಎಂಬ ಕಾರಣಕ್ಕೆ ಅವರಿಗೆ ಡಾಕ್ಟರೇಟ್ ಕೊಡಲಿಲ್ಲ. ಅವರು ಅಳುತ್ತ ಕೂರಲಿಲ್ಲ. 1948ರಲ್ಲಿ ಪುಣೆಯ ಹವಾಮಾನ ಇಲಾಖೆಗೆ ಸೇರಿ, ಅಲ್ಲಿಯವರೆಗೆ ವಿದೇಶದಿಂದ ಬರುತ್ತಿದ್ದ ಉಪಕರಣಗಳನ್ನು ಇಲ್ಲೇ ಮಾಡಿಸಿದರು. 1957-58ರ ಹೊತ್ತಿಗೆ ದೇಶದ ಹಲವು ಕಡೆ ಬಿಸಿಲು ಅಳೆಯುವ ಕೇಂದ್ರಗಳನ್ನು ನಿಲ್ಲಿಸಿದರು. ತಪ್ಪು ಅಳತೆ ಇರುವುದಕ್ಕಿಂತ ಅಳತೆ ಇಲ್ಲದಿರುವುದೇ ಲೇಸು ಎಂಬುದು ಅವರ ಪಟ್ಟು. ನಿವೃತ್ತಿಯ ನಂತರ ಬೆಂಗಳೂರಿನಲ್ಲಿ ಗಾಳಿ ಮತ್ತು ಬಿಸಿಲು ಅಳೆಯುವ ಉಪಕರಣಗಳ ಸಣ್ಣ ಕಾರ್ಖಾನೆಯನ್ನೂ ನಡೆಸಿದರು. 2001ರಲ್ಲಿ ತೀರಿಕೊಂಡರು. ಇವತ್ತು ಹೊಲದಲ್ಲಿ, ಮನೆ ಮೇಲೆ ಸೋಲಾರ್ ಹಾಕುವವರು ಯಾವ ಊರಿಗೆ ಎಷ್ಟು ಬಿಸಿಲು ಎಂದು ಹಾಕುವ ಲೆಕ್ಕಕ್ಕೆ ಬುನಾದಿ ಆ ತಾಯಿ ಹಾಕಿದ್ದು.

ಲೆಕ್ಕದ ಪುಸ್ತಕ ಏನು ಹೇಳುತ್ತದೆ

ನೆಲದ ಮೇಲೆ ಅಳೆದರೆ ಮೋಡ, ಧೂಳು ಅಡ್ಡ ಬರುತ್ತವೆ. 1978ರಿಂದ ಉಪಗ್ರಹಗಳು ಗಾಳಿಯ ಆಚೆಯಿಂದಲೇ ಸೂರ್ಯನ ಶಾಖವನ್ನು ಅಳೆಯುತ್ತಿವೆ. 1995ರಲ್ಲಿ ಹಾರಿಬಿಟ್ಟ ಸೋಹೊ ಎಂಬ ನೌಕೆಯಲ್ಲಿ ದಾವೋಸಿನವರ ಉಪಕರಣವೇ ಇತ್ತು. ಉತ್ತರ ಹೀಗಿದೆ: ಭೂಮಿಯ ದೂರದಲ್ಲಿ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಹಾಸುಗಲ್ಲನ್ನು ಸೂರ್ಯನಿಗೆ ಎದುರಾಗಿ ಹಿಡಿದರೆ ಅದರ ಮೇಲೆ ಸುಮಾರು 1361 ವ್ಯಾಟ್ ಬೀಳುತ್ತದೆ. ಅಂದರೆ 100 ವ್ಯಾಟಿನ ಹದಿಮೂರು ಬಲ್ಬು ಉರಿದಷ್ಟು.

ಕಲೆ ಹೆಚ್ಚಿದಾಗ ಸೂರ್ಯ ತುಸು ಹೆಚ್ಚು ಪ್ರಖರ. ಕಲೆ ಕಪ್ಪಾದರೂ ಅದರ ಸುತ್ತಲಿನ ಭಾಗ ಇನ್ನಷ್ಟು ಬೆಳಗುವುದರಿಂದ ಹೀಗಾಗುತ್ತದೆ. ಆದರೆ 11 ವರ್ಷದ ಆ ಏರಿಳಿತ ಎಷ್ಟು? ಸಾವಿರಕ್ಕೆ ಒಂದು! ನಿಮ್ಮ ಸಂಘದ ಉಳಿತಾಯ 1000 ರೂಪಾಯಿ ಇದ್ದದ್ದು ಒಮ್ಮೆ 1001 ಆಗಿ ಮತ್ತೆ 1000ಕ್ಕೆ ಬಂದ ಹಾಗೆ. ಅಳೆಯಲು ಶುರು ಮಾಡಿದ ಮೇಲೆ ಸೂರ್ಯನ ಶಾಖ ಏರುತ್ತಾ ಹೋಗಿಲ್ಲ. 2014ರ ಸುಮಾರಿಗೆ ತುದಿ ಮುಟ್ಟಿದ ಕಲೆಗಳ ಸುತ್ತು ಬಹಳ ಮಂದವಾಗಿತ್ತು, 2019ರಲ್ಲಿ ಕಲೆಗಳು ಕಾಣುವುದೇ ಅಪರೂಪವಾಯಿತು. ಆ ವರ್ಷಗಳಲ್ಲೇ ಭೂಮಿ ದಾಖಲೆ ಬಿಸಿ ಕಂಡಿತು. ಸೂರ್ಯ ತಣ್ಣಗಿದ್ದಾಗಲೂ ಒಲೆ ಕಾಯುತ್ತಿದೆ ಎಂದರೆ ಬೆಂಕಿ ಬೇರೆ ಕಡೆ ಇದೆ.

ಇನ್ನೊಂದು ವಿಚಿತ್ರ ಕೇಳಿರಿ. ಹವಾಮಾನ ಇಲಾಖೆಯ ಕೇಂದ್ರಗಳ 1981ರಿಂದ 2004ರವರೆಗಿನ ಅಳತೆಗಳನ್ನು ಪುಣೆಯ ವಿಜ್ಞಾನಿಗಳು ತಾಳೆ ನೋಡಿ 2007ರಲ್ಲಿ ಪ್ರಕಟಿಸಿದರು. ನಮ್ಮ ದೇಶದಲ್ಲಿ ನೆಲ ಮುಟ್ಟುವ ಬಿಸಿಲು ಆ ವರ್ಷಗಳಲ್ಲಿ ಕಡಿಮೆಯಾಗಿತ್ತು! ಹೊಗೆ ಮತ್ತು ಧೂಳು ಅದನ್ನು ತಡೆದಿದ್ದವು. ವಾಡಿ, ಶಹಾಬಾದಿನವರಿಗೆ ಇದು ಬಿಡಿಸಿ ಹೇಳಬೇಕಿಲ್ಲ, ಬೆಳಿಗ್ಗೆ ಗಿಡದ ಎಲೆ ಸವರಿದರೆ ಬೆರಳಿಗೆ ಹತ್ತುವ ಬಿಳಿ ಪುಡಿ ಅವರಿಗೆ ಗೊತ್ತು. ಬಿಸಿಲು ಕಡಿಮೆ ಬಿದ್ದರೂ ಸೆಕೆ ಏರಿತು.

ಹಾಗಾದರೆ ಬಿಸಿ ಎಲ್ಲಿಂದ? ಕೌದಿಯಿಂದ. ಹಗಲು ಕಾಯ್ದ ಭೂಮಿ ಆ ಶಾಖವನ್ನು ಮತ್ತೆ ಆಕಾಶಕ್ಕೆ ಬಿಡುತ್ತದೆ. ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡ್, ಮಕ್ಕಳು ಶಾಲೆಯಲ್ಲಿ ಇಂಗಾಲದ ಡೈಆಕ್ಸೈಡ್ ಎಂದು ಓದುವ ಅನಿಲ, ಅದರಲ್ಲಿ ಒಂದಿಷ್ಟನ್ನು ತಡೆದು ಕೆಳಗೇ ಉಳಿಸುತ್ತದೆ. ತೆಳುವಾದ ಕೌದಿ ಬೇಕೇ ಬೇಕು, ಇಲ್ಲದಿದ್ದರೆ ಭೂಮಿ ಹಿಮದ ಗಡ್ಡೆ ಆಗುತ್ತಿತ್ತು. ಆದರೆ ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಸುಡಲು ಶುರು ಮಾಡುವ ಮುಂಚೆ ಗಾಳಿಯ 10 ಲಕ್ಷ ಪಾಲಿನಲ್ಲಿ ಈ ಅನಿಲ 280 ಪಾಲು ಇತ್ತು, ಈಗ 420 ದಾಟಿದೆ. ಬೇಸಗಿಯಲ್ಲಿ ಕೌದಿಯ ಮೇಲೆ ಅರ್ಧ ಕೌದಿ ಹೊದಿಸಿದ ಹಾಗೆ.

"ಕೌದಿನೋ, ಸೂರ್ಯಾನೋ ಹ್ಯಾಂಗ್ ಗೊತ್ತಾತು?" ಎಂದು ಕೇಳುವವರು ಇರಬೇಕು, ಕೇಳಲೇಬೇಕು. ಸೂರ್ಯ ಹೆಚ್ಚು ಉರಿದರೆ ನೆಲದ ಹತ್ತಿರದ ಗಾಳಿ, ಬಹಳ ಎತ್ತರದ ಗಾಳಿ ಎರಡೂ ಕಾಯಬೇಕು. ಕೌದಿ ದಪ್ಪವಾದರೆ ಒಳಗೆ ಸೆಕೆ, ಹೊರಗೆ ತಂಪು. ಬಲೂನು, ಉಪಗ್ರಹಗಳಿಂದ ಅಳೆದು ನೋಡಿದಾಗ ಕೆಳಗಿನ ಗಾಳಿ ಬಿಸಿಯಾಗಿದೆ, 20 ಕಿಲೋಮೀಟರಿಗಿಂತ ಮೇಲಿನ ಗಾಳಿ ತಣ್ಣಗಾಗಿದೆ. ಇದು ಸೂರ್ಯನ ಗುರುತಲ್ಲ, ಕೌದಿಯ ಗುರುತು.

ಹಾಗೆಂದು ಸೂರ್ಯನ ಅಧ್ಯಯನ ನಿಂತಿಲ್ಲ. 2023ರ ಸೆಪ್ಟೆಂಬರ್ 2ರಂದು ಇಸ್ರೋ ಹಾರಿಸಿದ ಆದಿತ್ಯ-ಎಲ್1 ನೌಕೆ ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದ ಜಾಗಕ್ಕೆ 2024ರ ಜನವರಿ 6ರಂದು ತಲುಪಿತು. ಅದರ ಏಳು ಉಪಕರಣಗಳಲ್ಲಿ ದೊಡ್ಡದನ್ನು ಭಾರತೀಯ ಖಭೌತ ಸಂಸ್ಥೆಯವರು ಹೊಸಕೋಟೆಯ ತಮ್ಮ ಆವರಣದಲ್ಲಿ ಜೋಡಿಸಿದರು. ಸೂರ್ಯನ ಹೊರಗಿನ ಪ್ರಭೆ, ಅಲ್ಲಿಂದ ಏಳುವ ಬಿರುಗಾಳಿ ಇವುಗಳ ಮೇಲೆ ಅದರ ಕಣ್ಣು. ಆ ಬಿರುಗಾಳಿ ಉಪಗ್ರಹ, ಫೋನು, ಕರೆಂಟಿನ ಲೈನು ಕೆಡಿಸಬಲ್ಲದು. ಯೋಜನೆಯ ನಿರ್ದೇಶಕಿಯಾಗಿದ್ದವರು ನಿಗರ್ ಶಾಜಿ, ತಮಿಳುನಾಡಿನ ಒಕ್ಕಲು ಮನೆತನದ ಮಗಳು. ಖಭೌತ ಸಂಸ್ಥೆಗೂ 2019ರಲ್ಲಿ ಅನ್ನಪೂರ್ಣಿ ಸುಬ್ರಮಣಿಯಂ ಎಂಬ ಮಹಿಳೆ ನಿರ್ದೇಶಕಿಯಾದರು. ಹೆಣ್ಣುಮಕ್ಕಳನ್ನು ಹತ್ತನೇ ಕ್ಲಾಸಿಗೆ ಬಿಡಿಸುವ ಮುಂಚೆ ಈ ಹೆಸರುಗಳನ್ನು ಮನೆಯಲ್ಲಿ ಹೇಳಿರಿ.

ನಮ್ಮ ಕಾಲ ಕೆಳಗಿನ ಕಲ್ಲು

ಈ ಕೌದಿಯ ಒಂದು ಎಳೆ ನಮ್ಮ ಕಾಲ ಕೆಳಗೇ ಇದೆ. ಸೇಡಂ, ಮಳಖೇಡ, ವಾಡಿ, ಶಹಾಬಾದ್ ಸುತ್ತ ಸುಣ್ಣದ ಕಲ್ಲು ಇರುವುದರಿಂದಲೇ ಸಿಮೆಂಟ್ ಕಾರ್ಖಾನೆಗಳು ಬಂದವು. 100 ಕಿಲೋ ಶುದ್ಧ ಸುಣ್ಣದ ಕಲ್ಲನ್ನು ಭಟ್ಟಿಯಲ್ಲಿ ಸುಟ್ಟರೆ ಉಳಿಯುವುದು 56 ಕಿಲೋ ಸುಣ್ಣ. ಉಳಿದ 44 ಕಿಲೋ ಕಾರ್ಬನ್ ಡೈಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಸುಡಲು ಹಾಕಿದ ಕಲ್ಲಿದ್ದಲಿನ ಹೊಗೆ ಬೇರೆ. ಜಗತ್ತಿನಲ್ಲಿ ಮನುಷ್ಯರು ಬಿಡುವ ಈ ಅನಿಲದಲ್ಲಿ ನೂರಕ್ಕೆ 7-8 ಪಾಲು ಸಿಮೆಂಟಿನದು.

ಕಾರ್ಖಾನೆ ಮುಚ್ಚಿಸಿರಿ ಎಂದು ನಾನು ಬರೆಯುತ್ತಿಲ್ಲ. ಎಷ್ಟೋ ಮನೆಯ ಒಲೆ ಅದರಿಂದಲೇ ಉರಿಯುತ್ತದೆ, ನಮ್ಮ ಮನೆಗಳಿಗೂ ಸಿಮೆಂಟ್ ಬೇಕು. ಭಾರತದ ಒಬ್ಬರ ಪಾಲಿಗೆ ವರ್ಷಕ್ಕೆ ಸುಮಾರು 2 ಟನ್ ಈ ಅನಿಲ ಬರುತ್ತದೆ, ಅಮೆರಿಕದ ಒಬ್ಬರದು ಅದರ ಆರೇಳು ಪಟ್ಟು. ಕಾರು, ಎ.ಸಿ. ಇಲ್ಲದ ನಮ್ಮ ಅಕ್ಕಂದಿರ ಪಾಲು ಎರಡು ಟನ್ನೂ ಇರಲಾರದು. ಬಿಸಿಲಿನ ಪಾಲು ಮಾತ್ರ ಅವರಿಗೇ ಹೆಚ್ಚು. ಕೇಳಬೇಕಾದದ್ದು ಇದನ್ನು.

ನೋಡಿರಿ, ಬೇಸಿಗೆಯಲ್ಲಿ ನಮ್ಮ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ರೂಢಿ ಇದೆ. ಫ್ಯಾನಿನ ಕೆಳಗೆ ಕೂತವರಿಗೆ ಈ ಅನುಕೂಲ ಇದೆ. ಪರಸಿ ಖಣಿಯಲ್ಲಿ ಕಲ್ಲು ಹೊರುವವರಿಗೆ, ಪಾಲಿಶ್ ಮಷಿನ್ ಮುಂದೆ ನಿಂತವರಿಗೆ, ಹೊಲದ ಕೂಲಿಯವರಿಗೆ ಯಾಕಿಲ್ಲ? ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ 12ರಿಂದ 4ರವರೆಗೆ ಕೆಲಸ ಬೇಡ, ಬೆಳಿಗ್ಗೆ ಬೇಗ ಶುರು ಮಾಡೋಣ, ಕೆಲಸದ ಜಾಗದಲ್ಲಿ ನೆರಳು ಮತ್ತು ಕುಡಿಯುವ ನೀರು ಬೇಕು, ಕೂಲಿ ಕಡಿಯಬಾರದು ಎಂದು ಸಂಘದಲ್ಲಿ ಠರಾವು ಮಾಡಿ ಗ್ರಾಮಸಭೆಯಲ್ಲಿ ಕೊಡಿರಿ. ಖಣಿ ಮಾಲೀಕರಿಗೂ ಒಂದು ಪ್ರತಿ ಕೊಡಿರಿ. "ಸೂರ್ಯಾನ ಆಟ, ನಾವೇನ್ ಮಾಡಲಿ" ಎಂದು ಯಾರಾದರೂ ಅಂದರೆ, ಸಾವಿರಕ್ಕೆ ಒಂದು ಎಂಬ ಲೆಕ್ಕ ಹೇಳಿರಿ.

ಪತ್ರಾಸಿನ ಮನೆ ಇರುವವರು ಮಾರ್ಚ್ ಒಳಗೆ ಮೇಲೆ ದಪ್ಪಗೆ ಸುಣ್ಣ ಬಳಿದರೆ ಒಳಗೆ ಕೆಲವು ಡಿಗ್ರಿ ಕಡಿಮೆಯಾಗುತ್ತದೆ, ಬಿಳಿ ಬಣ್ಣ ಬಿಸಿಲನ್ನು ವಾಪಸ್ ಕಳಿಸುತ್ತದೆ. (ಬಳಿದ ಸುಣ್ಣ ಒಣಗಿ ಗಟ್ಟಿಯಾಗುವಾಗ ಭಟ್ಟಿಯಲ್ಲಿ ಬಿಟ್ಟ ಅನಿಲವನ್ನೇ ಸ್ವಲ್ಪ ಸ್ವಲ್ಪ ವಾಪಸ್ ಎಳೆದುಕೊಳ್ಳುತ್ತದೆ!) ಚಿಂಚೋಳಿ ಕಡೆಯವರು 2011ರಲ್ಲಿ ವನ್ಯಧಾಮವಾದ ತಮ್ಮ ಕಾಡಿನ ನೆರಳನ್ನು ಬಲ್ಲರು, ಉಳಿದವರು ಕನಿಷ್ಠ ಮನೆ ಮುಂದೆ ಒಂದು ಬೇವು ಉಳಿಸಿಕೊಳ್ಳಿರಿ. ಬಿಸಿಲಲ್ಲಿ ದುಡಿಯುವವರಿಗೆ ತಲೆ ಸುತ್ತಿ, ಮಾತು ತೊದಲಿ, ಮೈ ಸುಡುತ್ತಿದ್ದರೆ ಅದು ದಣಿವಲ್ಲ. ಕೂಡಲೇ ನೆರಳಿಗೆ ತಂದು, ಮೈಗೆ ಒದ್ದೆ ಬಟ್ಟೆ ಹಾಕಿ ಗಾಳಿ ಬೀಸಿರಿ, 108ಕ್ಕೆ ಫೋನ್ ಮಾಡಿರಿ. ಎಚ್ಚರವಿದ್ದರೆ ಮಾತ್ರ ನೀರು ಅಥವಾ ಓ.ಆರ್.ಎಸ್. ಕುಡಿಸಿರಿ.

ಕೊನೆಗೆ ಒಂದು ಕೆಲಸ. ಗೋಡೆಗೆ ತೂಗುಹಾಕುವ ತಾಪಮಾಪಕ ಒಂದನ್ನು ಸಂಘದ ದುಡ್ಡಿನಲ್ಲಿ ಕೊಳ್ಳಿರಿ, ದುಬಾರಿಯೇನಲ್ಲ. ಗಾಳಿಯಾಡುವ ನೆರಳಿನಲ್ಲಿ, ಎದೆಮಟ್ಟಕ್ಕೆ, ಪತ್ರಾಸಿಗಾಗಲಿ ಕಾದ ಗೋಡೆಗಾಗಲಿ ತಾಗದಂತೆ ಹಾಕಿರಿ. ದಿನಾ ಮಧ್ಯಾಹ್ನ 3 ಗಂಟೆಗೆ ಒಬ್ಬರು ನೋಡಿ, ಉಳಿತಾಯದ ಪುಸ್ತಕದ ಹಿಂದಿನ ಹಾಳೆಯಲ್ಲಿ ತಾರೀಕು ಹಾಕಿ ಬರೆಯಲಿ. ನೋಡಲಾಗದ ದಿನ ಅಂದಾಜು ಬರೆಯಬೇಡಿರಿ, ಖಾಲಿ ಬಿಡಿರಿ. ಗ್ರಾಮಸಭೆಗೆ ಠರಾವು ಒಯ್ಯುವಾಗ ಆ ಹಾಳೆಯನ್ನೂ ಒಯ್ಯಿರಿ.